ಕಾಯ್ತಾನ ಇದ್ದಾಗ

ಈ ಸಲ ಬಾಂಗಡೆ ಕಮ್ಮಿ.
ಬೈತಖೋಲದಲ್ಲಿ ಯಾರನ್ನು ಕೇಳಿದರೂ ಅದೇ ಮಾತು.
ತುಂಬಿದ ಬಲೆ ಅಂತ ಈ ವರ್ಷ ನಾನು ಕಂಡದ್ದು ಒಂದೇ:
ಕೋಡಿಬಾಗದ ಮೈದಾನದಲ್ಲಿ, ನಮ್ಮ ಗೋಲಿನದು.

ಅದನ್ನು ಕಟ್ಟಿದವನು ನಾನೇ.
ನೈಲಾನ್ ದಾರ, ಐದು ಇಂಚಿನ ಕಣ್ಣು,
ಮೂಲೆಗೆ ಎರಡೆರಡು ಗಂಟು.
ಹನ್ನೊಂದು ಆಟಕ್ಕೆ ಇಪ್ಪತ್ತೊಂಬತ್ತು ಗೋಲು ಬಿದ್ದವು,
ಒಂದು ಕಣ್ಣೂ ಹರಿದಿಲ್ಲ.
ಕಾಳಿನದಿ ಯುನೈಟೆಡ್‌ನಲ್ಲಿ ಈ ಹಂಗಾಮಿಗೆ
ನೆಟ್ಟಗೆ ಕೆಲಸ ಮಾಡಿದ್ದು ನನ್ನ ಗಂಟುಗಳು ಮಾತ್ರ.
ದಾರದ ಬಾಬ್ತು ಎಂಟುನೂರ ನಲವತ್ತು ರೂಪಾಯಿ
ಇನ್ನೂ ಬಂದಿಲ್ಲ. ಅದು ಬೇರೆ.

ಮೊದಲು ಕಾಯ್ತಾನ ಇದ್ದ.
ಸುಂಕೇರಿಯವನು, ಬಡಿಗ ಪೆದ್ರುವಿನ ಮಗ.
ಹೆಸರಿಗೊಂದು ಎತ್ವ ಕೊಟ್ಟರೆ ಸಾಕಿತ್ತು ಕೂಗಲಿಕ್ಕೆ.
ಎದುರಿನವ ಚೆಂಡು ತಳ್ಳಿಕೊಂಡು ನುಗ್ಗಿದರೆ
ಮೂರು ಸಾವಿರ ಗಂಟಲು ಒಂದೇ ಸಲ:
ಕಾಯ್ತಾನೆ! ಕಾಯ್ತಾನೆ!
ಕಾಯುತ್ತಿದ್ದ.
ಅಳಿವೆಯ ಗಾಳಿ ಚೆಂಡನ್ನು ಎತ್ತ ತಿರುಗಿಸುತ್ತದೆಂದು
ಅವನ ಹೆಗಲಿಗೆ ಗೊತ್ತಿತ್ತು.
ಸಂಜೆ ನಾಲ್ಕು ದಾಟಿ ಪಡುವಣದಿಂದ ಬೀಸುವಾಗ
ಅರ್ಧ ಹೆಜ್ಜೆ ಎಡಕ್ಕೆ
ಮೊದಲೇ ಸರಿದಿರುತ್ತಿದ್ದ.

ಅವನನ್ನು ಮಾರಿದರು.
ಯಾರಿಗೆ, ಎಷ್ಟಕ್ಕೆ, ಹೇಳಲಿಲ್ಲ.
ಮೀನನ್ನಾದರೂ ನಾಲ್ಕು ಜನರ ಮುಂದೆ ಕೂಗಿ ಹರಾಜು ಹಾಕುತ್ತಾರೆ.
ಆ ದುಡ್ಡಲ್ಲಿ ಬಂದದ್ದು ಹೊಸ ಜರ್ಸಿ,
ಎದೆಯ ಮೇಲೊಂದು ಸಿಮೆಂಟ್ ಕಂಪನಿ;
ಮಾಲೀಕರು ಕೂರಲು ಗಾಜಿನ ಕೋಣೆ, ಅದಕ್ಕೆ ಎಸಿ;
ಕುಣಿಯಲಿಕ್ಕೆ ಒಬ್ಬ ಹುಲಿವೇಷದವನು.
ಹುಲಿ ಯಾಕೆ? ಹುಲಿ ಇರುವುದು ಮೇಲೆ ಜೋಯಿಡಾದಲ್ಲಿ.
ನಮಗೂ ಅದಕ್ಕೂ ಏನು?

ಕೋಚ್‌ಗಳು ನಾಲ್ಕು.
ಕೊನೆಯವನು ಬಂದದ್ದು ಶುಕ್ರವಾರ, ಹೋದದ್ದು ಮುಂದಿನ ಗುರುವಾರ,
ಸಮುದ್ರ ಯಾವ ಕಡೆಗಿದೆ ಅಂತ ತಿಳಿಯುವ ಮೊದಲು.

ನನ್ನ ಅಜ್ಜ ರಾಂಪಣಿ ಎಳೆದವನು.
ಎಂಬತ್ತು ಜನ, ಒಂದು ಹಗ್ಗ.
ಬಲೆ ಬರಿದಾಗಿ ಬಂದ ದಿನ
ತಾಂಡೇಲನಿಗೆ ಓಡಲಿಕ್ಕೆ ಜಾಗವಿರಲಿಲ್ಲ.
ಅಲ್ಲೇ ಮರಳಲ್ಲಿ ನಿಂತು ಎಂಬತ್ತು ಮುಖ ನೋಡಬೇಕು,
ನೀರಿನ ಬಣ್ಣ ಎಲ್ಲಿ ತಪ್ಪಿ ಓದಿದೆ ಅಂತ
ಬಾಯಿಬಿಟ್ಟು ಹೇಳಬೇಕು.
ಹೆಂಗಸರು ಬುಟ್ಟಿ ಬೋರಲು ಹಾಕಿ
ಅದರ ಮೇಲೆ ಕೂತು ಕೇಳುತ್ತಿದ್ದರಂತೆ.
ಗಾಜಿನ ಕೋಣೆಗೆ ಮರಳು ಅಂಟುವುದಿಲ್ಲ.

ಕಳೆದ ಭಾನುವಾರ ಐದು ಸೊನ್ನೆ.
ಐಸ್ ಫ್ಯಾಕ್ಟರಿಯ ಸಗುಣ ಅರ್ಧಕ್ಕೇ ಎದ್ದು ಹೋದ.
ಹಿಂದಿನ ಸಾಲಿನ ಶೇವಂತಿಬಾಯಿ ಎದ್ದು ನಿಂತಳು,
ಆಡುವ ಹುಡುಗರಿಗಲ್ಲ, ರೆಫ್ರಿಗಲ್ಲ,
ನೇರ ಗಾಜಿಗೆ ಮುಖಮಾಡಿ
ಕೊಂಕಣಿಯಲ್ಲಿ ಏನು ಬೈದಳೆಂದು ಇಲ್ಲಿ ಬರೆಯುವಂತಿಲ್ಲ.
ಇಡೀ ಸ್ಟ್ಯಾಂಡು ಚಪ್ಪಾಳೆ ತಟ್ಟಿತು.
ಒಳಗಿನವರಿಗೆ ಬೈಗುಳ ಕೇಳಿಸಲಿಲ್ಲ, ಚಪ್ಪಾಳೆ ಕಾಣಿಸಿತು.
ಎದ್ದು ನಿಂತು ಕೈ ಬೀಸಿದರು.

ಆಟ ಮುಗಿದು ಗೇಟಿನ ಹತ್ತಿರ ಜಮಾಯಿಸಿದೆವು.
ಇಸ್ತ್ರಿ ಅಂಗಿಯವನೊಬ್ಬ ಬಂದ.
ತಂಡ ಕಟ್ಟುವ ಹಂತದಲ್ಲಿದ್ದೇವೆ, ಎಂದ.
ಮೂರು ವರ್ಷದ ಯೋಜನೆ, ಎಂದ.
ಸ್ವಲ್ಪ ಕಾಯಿರಿ.

ಕಾಯುವವನನ್ನು ಮಾರಿ
ಕಾಯುವ ಕೆಲಸ ನಮಗೆ ಹಚ್ಚಿದರು.
ಅದಕ್ಕೆ ಟಿಕೇಟು ನೂರಿಪ್ಪತ್ತು.

ಸೋಮವಾರ ಸಂಜೆ ಚೂರಿ ಹಿಡಿದು ಹೋದೆ,
ಬಲೆ ಬಿಚ್ಚಿ ತರೋಣ ಅಂತ. ನನ್ನ ದಾರ, ನನ್ನ ಗಂಟು.
ವಾಚ್‌ಮನ್ ಪರಿಚಯದವನು, ಬೇರೆ ಕಡೆ ನೋಡಿದ.
ಮೈದಾನದಲ್ಲಿ ಎರಡು ಕೊಕ್ಕರೆ, ಮತ್ಯಾರೂ ಇಲ್ಲ.
ಮೊದಲ ಗಂಟಿಗೆ ಚೂರಿ ಇಟ್ಟಾಗ ನಾಲ್ಕು ದಾಟಿರಬೇಕು.
ಅಳಿವೆಯ ಕಡೆಯಿಂದ ಗಾಳಿ ಎದ್ದಿತು.
ಬಲೆ ಒಮ್ಮೆ ಉಬ್ಬಿತು, ಏನೋ ಬಿದ್ದ ಹಾಗೆ.
ಯಾಕೋ
ತಿರುಗಿ ನಿಂತೆ,
ಅರ್ಧ ಹೆಜ್ಜೆ ಎಡಕ್ಕೆ.